ಅಳಿವೆಗಳ ಹಳೆಯ ಮೀನುತಡೆಗಳು: ವೈಮಾನಿಕ ಛಾಯಾಚಿತ್ರವೆಂಬ ಪ್ರಮಾಣದ ವಿಮರ್ಶೆ

೧

ನದಿಯು ಸಮುದ್ರವನ್ನು ಸೇರುವ ಅಳಿವೆಗಳಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರದ ನೀರು ಒಳನುಗ್ಗಿ ಎರಡು ಬಾರಿ ಹಿಂದೆ ಸರಿಯುತ್ತದೆ. ಉಬ್ಬರದೊಡನೆ ಮೀನು ದಡದತ್ತ ಬರುತ್ತದೆ, ಇಳಿತದೊಡನೆ ಮರಳುತ್ತದೆ. ಮರಳುವ ದಾರಿಗೆ ಅಡ್ಡವಾಗಿ ಗೂಟಗಳನ್ನು ಸಾಲಾಗಿ ನೆಟ್ಟು, ನಡುವೆ ಕಡ್ಡಿ ಹೆಣೆದ ತಟ್ಟಿಗಳನ್ನು ಕಟ್ಟಿ, ಅಥವಾ ಕಲ್ಲುಗಳನ್ನು ತಗ್ಗುಗೋಡೆಯಾಗಿ ಪೇರಿಸಿ, ಎರಡು ತೋಳುಗಳು ಕೂಡುವ ಮೂಲೆಯಲ್ಲಿ ನಮ್ಮ ಮಲೆನಾಡಿನ ಕೂಣಿಯಂತಹ ಬುಟ್ಟಿಯನ್ನೋ ಬಲೆಯನ್ನೋ ಇಟ್ಟರೆ, ಮಿಕ್ಕ ಕೆಲಸವನ್ನು ಸಮುದ್ರವೇ ಮಾಡುತ್ತದೆ. ಈ ಬಗೆಯ ರಚನೆಗಳನ್ನೆಲ್ಲ ಪ್ರಕೃತ ಲೇಖನದಲ್ಲಿ ‘ಮೀನುತಡೆ’ ಎಂಬ ಒಂದೇ ಮಾತಿನಿಂದ ಕರೆಯಲಾಗಿದೆ.

ಇವುಗಳ ಅವಶೇಷಗಳು ಹೆಚ್ಚಿನ ಕಾಲ ನೀರಿನಡಿಯಲ್ಲಿರುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತದಲ್ಲಿ ಕೆಲವು ಗಳಿಗೆ ಮಾತ್ರ ಹೊರಬಿದ್ದಾಗಲೂ, ದಡದಲ್ಲಿ ನಿಂತವನಿಗೆ ಕಾಣುವುದು ಕೆಸರಿನಲ್ಲಿ ಅಲ್ಲಲ್ಲಿ ತಲೆಯೆತ್ತಿದ ಕೊಳೆತ ಗೂಟಗಳಷ್ಟೆ. ಮೇಲಿನಿಂದ ನೋಡಿದವನಿಗೆ ಅವೇ ಗೂಟಗಳು ಸಾಲುಗೂಡಿ ಬಾಣದ ಮೊನೆಯಂತಹ ಆಕೃತಿಯನ್ನು ತಾಳುತ್ತವೆ. ವೈಮಾನಿಕ ಪುರಾತತ್ತ್ವಶೋಧನೆಯ ಮೂಲಪುರುಷರಲ್ಲೊಬ್ಬರಾದ ಓ. ಜಿ. ಎಸ್. ಕ್ರಾಫರ್ಡರು ಇದಕ್ಕೆ ಒಂದು ಸೊಗಸಾದ ದೃಷ್ಟಾಂತವನ್ನು ಕೊಟ್ಟಿದ್ದರು: ಜಮಖಾನೆಯ ಮೇಲೆ ನಡೆಯುವ ಬೆಕ್ಕಿಗೆ ಅದರ ಚಿತ್ತಾರ ತಿಳಿಯದು, ನಿಂತು ನೋಡುವ ಮನುಷ್ಯನಿಗೆ ತಿಳಿಯುತ್ತದೆ. ಅಲೆಕ್ಸಾಂಡರ್ ಕೀಲರರೊಡನೆ ೧೯೨೮ರಲ್ಲಿ ಅವರು ಪ್ರಕಟಿಸಿದ ಗ್ರಂಥವು ದಕ್ಷಿಣ ಇಂಗ್ಲೆಂಡಿನ ಹೊಲಗದ್ದೆಗಳಡಿಯಲ್ಲಿ ಅಡಗಿದ್ದ ಪ್ರಾಚೀನ ನಿವೇಶನಗಳನ್ನು ವಿಮಾನದಿಂದ ತೆಗೆದ ಚಿತ್ರಗಳ ಮೂಲಕ ತೋರಿಸಿಕೊಟ್ಟಿತು. ಅದೇ ಕಣ್ಣು ಮುಂದೆ ಅಳಿವೆಗಳ ಕೆಸರುಬಯಲಿನ ಮೇಲೂ ಹರಿಯಿತು. ಈಗಂತೂ ಉಪಗ್ರಹಚಿತ್ರಗಳು ಯಾರ ಮೇಜಿನ ಮೇಲಾದರೂ ತೆರೆದುಕೊಳ್ಳುತ್ತವೆ. ಮನೆಯಲ್ಲಿ ಕುಳಿತೇ ಮೀನುತಡೆಗಳನ್ನು ‘ಕಂಡುಹಿಡಿಯುವುದು’ ಸಾಧ್ಯವಾಗಿದೆ.

ಈ ಸೌಲಭ್ಯವೇ ವಿಮರ್ಶೆಯನ್ನು ಅವಶ್ಯಕವಾಗಿ ಮಾಡಿದೆ. ಚಿತ್ರದಲ್ಲಿ ಕಂಡದ್ದು ಪ್ರತ್ಯಕ್ಷ. ‘ಇದು ಮೀನುತಡೆ’, ‘ಇದು ಹಳೆಯದು’, ‘ಇದು ಒಂದೇ ರಚನೆ’ ಎಂಬ ಮೂರು ಮಾತುಗಳು ಅನುಮಾನ. ಪ್ರತ್ಯಕ್ಷಕ್ಕಿರುವ ಬಲವನ್ನು ಅನುಮಾನಕ್ಕೆ ತಿಳಿಯದೆ ವರ್ಗಾಯಿಸುವುದೇ ಈ ಶಾಖೆಯ ಮುಖ್ಯ ದೋಷವೆಂಬುದು ನಮ್ಮ ಅಭಿಪ್ರಾಯ. ಮೂರನ್ನೂ ಬೇರೆ ಬೇರೆಯಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಪ್ರತ್ಯಕ್ಷದ ಮಿತಿಯನ್ನೇ ನೋಡೋಣ. ಅಳಿವೆಯ ಚಿತ್ರವು ಹೊಲದ ಚಿತ್ರದಂತಲ್ಲ. ಹೊಲದಲ್ಲಿ ಋತುವನ್ನು ನೋಡಿಕೊಂಡರೆ ಸಾಕು. ಇಲ್ಲಿ ಋತುವಿನೊಡನೆ ತಿಥಿಯನ್ನೂ ಗಳಿಗೆಯನ್ನೂ ನೋಡಬೇಕು. ಇಳಿತವು ತಳ ಮುಟ್ಟಿರಬೇಕು, ನೀರು ತಿಳಿಯಾಗಿರಬೇಕು, ಸೂರ್ಯನ ಬೆಳಕು ಒದ್ದೆ ಕೆಸರಿನ ಮೇಲೆ ಕನ್ನಡಿಯಂತೆ ಹೊಳೆಯದೆ ಓರೆಯಾಗಿ ಬಿದ್ದು ನೆರಳು ಕೊಡಬೇಕು. ಬೇರೆ ಕಾರ್ಯಕ್ಕಾಗಿ ತೆಗೆದ ಚಿತ್ರಗಳಲ್ಲಿ ಇವೆಲ್ಲವೂ ಒಟ್ಟಿಗೆ ಕೂಡಿಬರುವುದು ಕೇವಲ ಆಕಸ್ಮಿಕ. ಆದಕಾರಣ ಚಿತ್ರದ ಮೇಲಿನ ತೇದಿ, ಗಂಟೆಗಳನ್ನು ಆ ಬಂದರಿನ ಉಬ್ಬರವಿಳಿತದ ಪಟ್ಟಿಯೊಡನೆ ತಾಳೆ ನೋಡದೆ ‘ಇಲ್ಲಿ ಏನೂ ಇಲ್ಲ’ ಎಂದು ಬರೆಯುವುದು ಸಾಹಸವಾದೀತು.

ಕಾಣುವುದೂ ಹಲವೊಮ್ಮೆ ಗೂಟವಲ್ಲ, ಗೂಟದ ಪರಿಣಾಮ. ಗಟ್ಟಿ ವಸ್ತುವಿನ ಮೇಲೆ ಪಾಚಿ ಬೆಳೆಯುತ್ತದೆ. ಕಲ್ಲಿನ ಸಾಲು ತಿಳಿಬಣ್ಣದ ಮರಳಿನ ಮೇಲೆ ಕಪ್ಪು ಗೆರೆಯಾಗುತ್ತದೆ. ತಡೆಯ ಒಂದು ಮಗ್ಗುಲಲ್ಲಿ ಹೂಳು ನಿಲ್ಲುತ್ತದೆ. ನೀರು ಸುಳಿಯುವ ಮೂಲೆಯಲ್ಲಿ ಗುಂಡಿ ಬಿದ್ದು ಇಳಿತದ ನಂತರವೂ ನೀರು ಉಳಿಯುತ್ತದೆ. ಕೆಸರು ಒಂದೆಡೆ ನಿಲ್ಲುವ ವಸ್ತುವಲ್ಲವಾದುದರಿಂದ ಒಂದು ವರ್ಷ ಕಂಡ ಸಾಲು ಇನ್ನೊಂದು ವರ್ಷ ಮುಚ್ಚಿಹೋಗಬಹುದು. ಎರಡನೆಯ ಮಹಾಯುದ್ಧದ ಮುಗಿವಿನಲ್ಲಿ ಬ್ರಿಟಿಷ್ ವಾಯುಪಡೆಯು ನೇರ ಮೇಲಿನಿಂದ ತೆಗೆದ ಚಿತ್ರಗಳು ಈ ದೃಷ್ಟಿಯಿಂದ ಅಮೂಲ್ಯವಾಗಿವೆ. ಒಂದರ ಮೇಲೊಂದು ಹಾಯುವಂತೆ ತೆಗೆದ ಜೋಡಿಚಿತ್ರಗಳನ್ನು ಯಂತ್ರದಡಿ ಇಟ್ಟು ನೋಡಿದರೆ ನೆಲದ ಎತ್ತರ ತಗ್ಗುಗಳೂ ತೋರುತ್ತವೆ. ಇಂದಿನ ಚಿತ್ರದೊಡನೆ ಹೋಲಿಸಿದರೆ ನಡುವಿನ ದಶಕಗಳಲ್ಲಿ ಏನು ಅಳಿಯಿತು ಎಂಬುದೂ ತಿಳಿಯುತ್ತದೆ. ಒಂದೇ ಚಿತ್ರವು ಒಬ್ಬನೇ ಸಾಕ್ಷಿ. ಹಲವು ವರ್ಷಗಳ ಚಿತ್ರಗಳು ಸಾಕ್ಷಿಗಳ ಸಮೂಹ.

೩

ಇನ್ನು ಮೊದಲನೆಯ ಅನುಮಾನ: ಆಕೃತಿಯಿಂದ ಉದ್ದೇಶವನ್ನು ಊಹಿಸುವುದು. ಎರಡು ತೋಳುಗಳು ಸಮುದ್ರದತ್ತ ಕೂಡಿ ದಡದತ್ತ ತೆರೆದುಕೊಂಡಿದ್ದರೆ ಅದು ಇಳಿತದ ಮೀನನ್ನು ಹಿಡಿಯುವ ತಡೆಯೆಂದು ಹೇಳುತ್ತಾರೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಾಗ ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎಂಬ ವ್ಯಾಪ್ತಿ ಸಿದ್ಧವಾಗಿರಬೇಕೆಂಬುದು ನಮ್ಮ ತಾರ್ಕಿಕರ ನಿಯಮ. ಇಲ್ಲಿ ಅಂತಹ ವ್ಯಾಪ್ತಿಯುಂಟೆ? ಎರಡು ತೋಳಿನ ಆಕೃತಿ, ಅದರ ಮೂಲೆಯಲ್ಲಿ ಗುಂಡಿ, ಇಳಿತದ ಹರಿವಿಗೆ ತಕ್ಕ ದಿಕ್ಕು, ಈ ಮೂರೂ ಕೂಡಿದಲ್ಲಿ ಅನುಮಾನ ಬಲವಾಗುತ್ತದೆ. ಬರಿಯ ನೇರ ಸಾಲು ಅಥವಾ ಬರಿಯ ಆವರಣ ಕಂಡಲ್ಲಿ ಹೇತುವು ಅನೈಕಾಂತಿಕವಾಗುತ್ತದೆ. ಎಂದರೆ ಅದು ಬೇರೆ ಸಾಧ್ಯಗಳಿಗೂ ಸಲ್ಲುತ್ತದೆ.

ಅಂತಹ ಬೇರೆ ಸಾಧ್ಯಗಳು ಅನೇಕ. ಸಿಂಪಿ ಸಾಕುವ ಹೊಂಡಗಳು, ದಡ ಕೊರೆಯದಂತೆ ಹೊಡೆದ ಗೂಟಗಳು, ಹಳೆಯ ದೋಣಿಗಳ ಪಕ್ಕೆಲುಬುಗಳು, ಕೆಸರನ್ನು ಹಿಡಿದು ನಿಲ್ಲಿಸಲು ೨೦ನೆಯ ಶತಮಾನದಲ್ಲಿ ಕಟ್ಟಿದ ಪೊದೆಕಡ್ಡಿಯ ಬೇಲಿಗಳು, ೧೯೪೦ರ ಸುಮಾರಿನಲ್ಲಿ ಶತ್ರುವಿಮಾನಗಳು ಇಳಿಯದಂತೆ ಇಂಗ್ಲೆಂಡಿನ ತೀರಪ್ರದೇಶದಲ್ಲಿ ನೆಟ್ಟ ಕಂಬಗಳು, ಇವೆಲ್ಲವೂ ಮೇಲಿನಿಂದ ಗೆರೆಗಳಾಗಿಯೇ ಕಾಣುತ್ತವೆ.

ಈ ಎಚ್ಚರಿಕೆ ಕೇವಲ ಶಾಸ್ತ್ರಕ್ಕಾಗಿ ಹೇಳಿದ್ದಲ್ಲ. ಉತ್ತರ ಐರ್ಲೆಂಡಿನ ಸ್ಟ್ರ್ಯಾಂಗ್‌ಫರ್ಡ್ ಕೊಲ್ಲಿಯಲ್ಲಿ ನೆಂಡ್ರಮ್ ಎಂಬ ಪ್ರಾಚೀನ ಕ್ರೈಸ್ತಮಠವಿದೆ. ಅದರ ತೀರದಲ್ಲಿದ್ದ ಕಲ್ಲುಕಟ್ಟೆಯ ಆವರಣವನ್ನು ಮಠದ ಮೀನುಕೊಳವಿರಬಹುದೆಂದು ಮೊದಲು ಭಾವಿಸಿದ್ದರು. ಊಹೆ ಅಸಂಗತವಾಗಿರಲಿಲ್ಲ, ಅದೇ ಕೊಲ್ಲಿಯಲ್ಲಿ ನಿಜವಾದ ಮೀನುತಡೆಗಳು ಬಹಳವಾಗಿವೆ, ಮಠದವರಿಗೆ ಮೀನು ಬೇಕಾಗಿಯೂ ಇತ್ತು. ಆದರೆ ೧೯೯೯ರಿಂದ ನಡೆದ ಉತ್ಖನನದಲ್ಲಿ ಹೊರಬಂದುದು ಉಬ್ಬರದ ನೀರನ್ನು ಕಟ್ಟಿ ನಿಲ್ಲಿಸಿ ಇಳಿತದಲ್ಲಿ ಬಿಟ್ಟು ಬೀಸುವ ಗಿರಣಿ. ಅದರ ಮರದ ವಾರ್ಷಿಕ ಬಳೆಗಳನ್ನು ಎಣಿಸಿದಾಗ ಕ್ರಿ.ಶ. ೬೧೯ರ ಸುಮಾರಿನ ಕಾಲ ದೊರೆಯಿತು. ಯೂರೋಪಿನಲ್ಲಿ ಅಗೆದು ಕಂಡ ಉಬ್ಬರದ ಗಿರಣಿಗಳಲ್ಲಿ ಇದು ಅತಿ ಪ್ರಾಚೀನವಾದವುಗಳ ಸಾಲಿಗೆ ಸೇರಿದುದು. ಆ ಆವರಣದ ಆಕೃತಿಯನ್ನು ಮಾತ್ರ ನಂಬಿ ‘ಮೀನುಕೊಳ’ ಎಂಬ ಹಣೆಪಟ್ಟಿಯಿಂದಲೇ ತೃಪ್ತರಾಗಿದ್ದರೆ ತಂತ್ರಜ್ಞಾನದ ಇತಿಹಾಸದ ಒಂದು ಪುಟವೇ ಕೆಸರಿನಲ್ಲಿ ಉಳಿದುಬಿಡುತ್ತಿತ್ತು. ತಪ್ಪು ಹೆಸರು ಹೆಸರಿಲ್ಲದಿರುವುದಕ್ಕಿಂತ ಹೆಚ್ಚು ಹಾನಿಕರ. ಹೆಸರಿಲ್ಲದುದನ್ನು ಯಾರಾದರೂ ಹುಡುಕಿಯಾರು, ಹೆಸರಿಟ್ಟುದನ್ನು ಯಾರೂ ಮತ್ತೆ ಕೇಳರು.

೪

ಎರಡನೆಯ ಅನುಮಾನ: ಆಕೃತಿಯಿಂದ ಕಾಲವನ್ನು ಊಹಿಸುವುದು. ಇದು ಮೊದಲನೆಯದಕ್ಕಿಂತ ದುರ್ಬಲ. ಆದರೂ ಜನರ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಇದೇ.

ವೇಲ್ಸ್ ದೇಶದ ಟೈವಿ ನದಿಯ ಅಳಿವೆಯಲ್ಲಿ, ಪಾಪಿಟ್ ಎಂಬಲ್ಲಿ, ೨೫೦ ಮೀಟರಿಗೂ ಹೆಚ್ಚು ಉದ್ದವಾದ ಕಲ್ಲಿನ ಮೀನುತಡೆಯೊಂದು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಕಂಡುಬಂದಿತೆಂದು ೨೦೦೯ರಲ್ಲಿ ಪತ್ರಿಕೆಗಳು ವರದಿಮಾಡಿದುವು. ಅದು ಸುಮಾರು ೧೦೦೦ ವರ್ಷಗಳಷ್ಟು ಹಳೆಯದೆಂಬ ಊಹೆಯೂ ಒಡನೆಯೇ ಪ್ರಚಾರವಾಯಿತು. ರಚನೆ ಇರುವುದು ದಿಟ. ಅದು ಮೀನುತಡೆಯೆಂಬುದೂ ಒಪ್ಪತಕ್ಕ ಮಾತು. ಆದರೆ ಚಿತ್ರವೊಂದರಿಂದಲೇ ಸಾವಿರ ವರ್ಷ ಎಂಬ ಸಂಖ್ಯೆ ಹುಟ್ಟಲಾರದು. ಕಲ್ಲಿಗೆ ವಾರ್ಷಿಕ ಬಳೆಗಳಿಲ್ಲ. ೧೯೪೯ರಲ್ಲಿ ಲಿಬ್ಬಿಯವರು ತೋರಿಸಿಕೊಟ್ಟ ಇಂಗಾಲದ ಕಾಲಗಣನೆ ಕಲ್ಲಿಗೆ ಸಲ್ಲದು. ಅದು ನೀರಿನಲ್ಲಿ ಮುಳುಗಿರುವುದೇ ಪ್ರಾಚೀನತೆಗೆ ಸಾಕ್ಷಿಯೆಂದು ಯಾರಾದರೂ ವಾದಿಸಿದರೆ, ಮರಳುದಿಣ್ಣೆ ಸರಿದರೂ ನದಿಯ ಕಾಲುವೆ ಪಾತ್ರ ಬದಲಿಸಿದರೂ ಇತ್ತೀಚಿನ ರಚನೆಯೂ ಮುಳುಗಬಹುದಲ್ಲವೆ ಎಂದು ಕೇಳಬೇಕಾಗುತ್ತದೆ.

ಕಲ್ಲಿನ ತಡೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಂಗ್ಲೆಂಡಿನ ಸಾಮರ್ಸೆಟ್ ತೀರದ ಮೈನ್‌ಹೆಡ್ ಬಳಿಯ ಕಲ್ಲುತಡೆಗಳನ್ನು ೨೦ನೆಯ ಶತಮಾನದಲ್ಲಿಯೂ ದುರಸ್ತಿ ಮಾಡಿ ಬಳಸುತ್ತಿದ್ದರು. ಬಿರುಗಾಳಿಗೆ ಉರುಳಿದ ಕಲ್ಲನ್ನು ಮತ್ತೆ ಎತ್ತಿಟ್ಟ ಕೈ ಯಾವ ಶತಮಾನದ್ದೆಂದು ಯಾವ ಚಿತ್ರವೂ ಹೇಳಲಾರದು. ಇದು ನಮ್ಮ ಓಲೆಗರಿಗಳ ಸಮಸ್ಯೆಯೇ ಸರಿ. ಜೀರ್ಣವಾದ ಪ್ರತಿಯಿಂದ ಹೊಸ ಪ್ರತಿ, ಅದರಿಂದ ಮತ್ತೊಂದು, ಹೀಗೆ ಇಳಿದುಬಂದ ಕಾವ್ಯದಲ್ಲಿ ಓಲೆಯ ವಯಸ್ಸು ಕಾವ್ಯದ ವಯಸ್ಸಲ್ಲ, ಕಾವ್ಯದ ವಯಸ್ಸು ಓಲೆಯದಲ್ಲ. ನಿಂತಿರುವ ಗೋಡೆ ನಿನ್ನೆಯದಾಗಿ, ನೆಲೆ ಸಾವಿರ ವರ್ಷದ್ದಾಗಿರಬಹುದು. ಎರಡೂ ನಿನ್ನೆಯವೇ ಆಗಿರಲೂಬಹುದು.

ಮರದ ತಡೆಗಳ ಸ್ಥಿತಿ ಇದಕ್ಕಿಂತ ಮೇಲು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಕಾಲಿನ್ಸ್ ಕ್ರೀಕ್, ಸೇಲ್ಸ್ ಪಾಯಿಂಟ್ ಮುಂತಾದೆಡೆಗಳಲ್ಲಿರುವ ಮಹಾ ಗೂಟಸಾಲುಗಳು ೧೯೯೦ರ ದಶಕದಲ್ಲಿ ವಿಶೇಷವಾದ ಪರಿಶೀಲನೆಗೆ ಒಳಗಾದುವು. ಅಲ್ಲಿ ಸಂಶೋಧಕರು ಚಿತ್ರದಲ್ಲಿಯೇ ನಿಲ್ಲಲಿಲ್ಲ. ಅತಿ ದೊಡ್ಡ ಇಳಿತದ ಅಲ್ಪಕಾಲದಲ್ಲಿ ಕೆಸರಿಗೆ ಇಳಿದು, ಗೂಟಗಳನ್ನು ಅಳೆದು, ಮರದ ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ದೊರೆತ ಕಾಲ ಸುಮಾರು ೭ನೆಯ ಶತಮಾನದಿಂದ ೧೦ನೆಯ ಶತಮಾನದವರೆಗಿನದು. ಎಂದರೆ ಸ್ಯಾಕ್ಸನ್ನರ ಕಾಲ. ಸೇಲ್ಸ್ ಪಾಯಿಂಟಿನ ಸಮೀಪದಲ್ಲಿಯೇ ಬ್ರಾಡ್‌ವೆಲ್ಲಿನಲ್ಲಿ ಸಂತ ಕೆಡ್ಡನು ಸುಮಾರು ೬೫೪ರಲ್ಲಿ ಕಟ್ಟಿಸಿದ ದೇವಾಲಯ ಇಂದಿಗೂ ನಿಂತಿದೆ. ತಡೆಗಳಿಗೂ ಮಠಕ್ಕೂ ಸಂಬಂಧ ಕಲ್ಪಿಸುವುದು ಸಹಜ. ಸಾವಿರಾರು ಗೂಟಗಳನ್ನು ಕಡಿದು ತಂದು ನೆಡಿಸಲು ಬೇಕಾದ ಕಾಡೂ ಆಳೂ ಒಬ್ಬ ಬೆಸ್ತನಿಗೆ ಇರಲಾರದು ಎಂಬ ತರ್ಕವೂ ಯುಕ್ತವೇ. ಆದರೂ ಕಾಲ ಸಿದ್ಧವಾದುದು ಮರದಿಂದ, ಒಡೆತನ ಸಿದ್ಧವಾಗಿಲ್ಲ. ಇವೆರಡನ್ನೂ ಒಂದೇ ದನಿಯಲ್ಲಿ ಹೇಳಬಾರದು.

ಲಿಖಿತ ದಾಖಲೆಗಳೂ ಇಲ್ಲಿ ಅರ್ಧದಾರಿಯ ಸಂಗಾತಿಗಳು. ೧೦೮೬ರ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಮೀನುಗಾರಿಕೆಯ ಹಕ್ಕುಗಳು ನಮೂದಾಗಿವೆ. ೧೨೧೫ರ ಮಹಾಸನ್ನದಿನ ೩೩ನೆಯ ಕಲಮು ಥೇಮ್ಸ್, ಮೆಡ್‌ವೇ ನದಿಗಳಿಂದಲೂ ಇಂಗ್ಲೆಂಡಿನ ಉಳಿದೆಡೆಗಳಿಂದಲೂ ಮೀನುತಡೆಗಳನ್ನು ತೆಗೆಯಬೇಕೆಂದು ವಿಧಿಸಿ, ಸಮುದ್ರತೀರಕ್ಕೆ ಮಾತ್ರ ವಿನಾಯಿತಿ ಕೊಡುತ್ತದೆ. ತಡೆಗಳು ಬಹಳವಾಗಿದ್ದುವು, ಅವುಗಳ ಮೇಲೆ ದೂರುಗಳಿದ್ದುವು ಎಂಬುದು ಇದರಿಂದ ನಿರ್ವಿವಾದ. ಚಿತ್ರದಲ್ಲಿ ಕಂಡ ಈ ಗೆರೆಯೇ ಆ ತಡೆ ಎಂದು ಮಾತ್ರ ಇದರಿಂದ ಸಿದ್ಧವಾಗದು.

ಹಾಗಾದರೆ ಆಕೃತಿಯಿಂದ ಕಾಲನಿರ್ಣಯ ಎಂದಿಗೂ ಸಾಧ್ಯವಿಲ್ಲವೆ? ಸಾಧ್ಯವಿದೆ, ನಮ್ಮ ಶಾಸನತಜ್ಞರು ಮಾಡುವುದು ಅದನ್ನೇ. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಲಿಪಿ, ಭಾಷೆ, ಒಳಗಿನ ಹೆಸರುಗಳ ಆಧಾರದಿಂದ ಅದನ್ನು ಸು. ೪೫೦ ಎಂದು ಹೇಳುವುದು ರೂಢಿ. ಅದು ಸಾಧ್ಯವಾದುದು ತೇದಿಯುಳ್ಳ ಶಾಸನಗಳ ಸರಣಿಯೊಂದು ಹೋಲಿಕೆಗೆ ದೊರೆಯುವುದರಿಂದ. ಅಷ್ಟಾದರೂ ಆ ನಿರ್ಣಯದ ಬಗ್ಗೆ ಚರ್ಚೆ ನಿಂತಿಲ್ಲ. ಮೀನುತಡೆಗಳಲ್ಲಿಯೂ ಅಂತಹ ಸರಣಿ ಏರ್ಪಟ್ಟ ಒಂದು ನಿದರ್ಶನವಿದೆ. ಕೆನಡಾದ ವ್ಯಾಂಕೂವರ್ ದ್ವೀಪದ ಕೋಮಾಕ್ಸ್ ಬಂದರಿನ ಕೆಸರಿನಲ್ಲಿ ಮೂಲನಿವಾಸಿಗಳು ನೆಟ್ಟ ಗೂಟಗಳು ಒಂದೂವರೆ ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಸಾವಿರಾರು ಗೂಟಗಳ ನೆಲೆಯನ್ನು ಒಂದೊಂದಾಗಿ ಅಳೆದು ನಕ್ಷೆಯಲ್ಲಿ ಗುರುತಿಸಿ, ಹಲವನ್ನು ಕಾಲಪರೀಕ್ಷೆಗೆ ಒಳಪಡಿಸಿದ ಮೇಲೆ, ಮೊದಲು ಹೃದಯಾಕಾರದ ತಡೆಗಳು, ಅನಂತರ ಬಾಣದ ಮೊನೆಯಾಕಾರದವು ಬಂದುವೆಂದೂ, ಈ ಮಾರ್ಪಾಡು ಸುಮಾರು ೭೦೦ ವರ್ಷಗಳ ಹಿಂದಿನದೆಂದೂ ತಿಳಿದುಬಂದಿತು. ಇಂತಹ ಶ್ರಮ ನಡೆದ ಬಂದರಿನಲ್ಲಿ ಆಕೃತಿಯನ್ನು ನೋಡಿ ಕಾಲ ಹೇಳಬಹುದು. ಆದರೆ ಆ ಸರಣಿಯನ್ನು ಇನ್ನೊಂದು ಸಮುದ್ರಕ್ಕೆ ಹೊತ್ತೊಯ್ಯಲಾಗದು.

೫

ಮೂರನೆಯ ಅನುಮಾನ: ಒಟ್ಟಿಗೆ ಕಂಡದ್ದು ಒಂದೇ ರಚನೆಯೆಂಬುದು. ಚಿತ್ರವು ಒಂದು ಕ್ಷಣದ್ದು. ಅದರಲ್ಲಿರುವ ವಸ್ತುಗಳು ಬೇರೆ ಬೇರೆ ಶತಮಾನಗಳವು. ಕಾಲವೆಲ್ಲ ಒಂದೇ ಹಾಳೆಯ ಮೇಲೆ ಮಡಿಸಿಟ್ಟಂತಾಗುತ್ತದೆ.

ವೈಮಾನಿಕ ಚಿತ್ರದಿಂದಲ್ಲದೆ ಅಗೆತದಿಂದ ದೊರೆತುದಾದರೂ ಅಮೆರಿಕದ ಬಾಸ್ಟನ್ ನಗರದ ಬಾಯ್ಲ್ಸ್‌ಟನ್ ಬೀದಿಯ ಮೀನುತಡೆಯ ಕಥೆ ಇಲ್ಲಿ ಬೋಧಪ್ರದವಾಗಿದೆ. ೧೯೧೩ರಲ್ಲಿ ನೆಲದಡಿಯ ರೈಲುಮಾರ್ಗಕ್ಕಾಗಿ ಅಗೆಯುವಾಗ ಹಳೆಯ ಅಳಿವೆಯ ಕೆಸರಿನಲ್ಲಿ ಗೂಟಗಳು ಕಂಡವು. ಮುಂದೆ ದೊಡ್ಡ ಕಟ್ಟಡಗಳ ತಳಹದಿಯಲ್ಲಿ ಇನ್ನಷ್ಟು ದೊರೆತು, ಒಟ್ಟು ಸುಮಾರು ೬೫,೦೦೦ ಗೂಟಗಳ ಒಂದೇ ಮಹಾರಚನೆ ಅಲ್ಲಿತ್ತೆಂಬ ಅಭಿಪ್ರಾಯ ಬೇರೂರಿತು. ಅಂತಹ ರಚನೆಗೆ ಅಂತಹ ಜನಸಂಖ್ಯೆ, ಅಂತಹ ನಾಯಕತ್ವ ಬೇಕೆಂಬ ವಾದಗಳೂ ಹಿಂಬಾಲಿಸುವುದು ಸಹಜವೇ. ೨೧ನೆಯ ಶತಮಾನದ ಆರಂಭದ ಹೊತ್ತಿಗೆ ನಡೆದ ಮರುಪರಿಶೀಲನೆ ಇದನ್ನು ತಲೆಕೆಳಗು ಮಾಡಿತು: ಅಲ್ಲಿದ್ದುದು ಒಂದು ಸಾವಿರ ವರ್ಷಕ್ಕೂ ಮಿಕ್ಕ ಅವಧಿಯಲ್ಲಿ ಮತ್ತೆ ಮತ್ತೆ ಕಟ್ಟಿದ ಚಿಕ್ಕ ಚಿಕ್ಕ ತಡೆಗಳು, ಪ್ರತಿಯೊಂದೂ ಕೆಲವೇ ಕುಟುಂಬಗಳ ಕೆಲಸ. ಗೂಟಗಳ ಸಂಖ್ಯೆ ಬದಲಾಗಲಿಲ್ಲ. ಸಮಾಜದ ಚಿತ್ರವೇ ಬದಲಾಯಿತು. ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಮೇಲೆ ಹೇಳಿದ ಆಳುಕಾಡುಗಳ ತರ್ಕಕ್ಕೂ ಈ ಪಾಠ ಅನ್ವಯಿಸುತ್ತದೆ. ಮೂರು ಶತಮಾನಗಳ ಗೂಟಗಳನ್ನು ಒಂದೇ ವರ್ಷದ ಲೆಕ್ಕಕ್ಕೆ ಹಚ್ಚಿದರೆ ಬೆಸ್ತನೂ ದೊರೆಯಾಗಿ ಕಂಡಾನು.

ಎಣಿಕೆಯೇ ಉದ್ದೇಶವಾದಲ್ಲಿ ಮೇಲಿನ ನೋಟವು ಎಷ್ಟು ಉಪಕಾರಿಯೆಂಬುದನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಪರ್ಷಿಯನ್ ಕೊಲ್ಲಿಯಲ್ಲಿ ಇಂದಿಗೂ ಬಳಕೆಯಲ್ಲಿರುವ ಮೀನುತಡೆಗಳನ್ನು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಉಪಗ್ರಹಚಿತ್ರಗಳಲ್ಲಿ ಎಣಿಸಿ, ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ೨೦೦೫ರಲ್ಲಿ ಅಂತಹ ಸುಮಾರು ೧,೯೦೦ ತಡೆಗಳಿದ್ದುವೆಂದೂ, ಅವುಗಳ ವಾರ್ಷಿಕ ಹಿಡಿತ ಸುಮಾರು ೩೧,೦೦೦ ಟನ್ನೆಂದೂ, ಸರ್ಕಾರಗಳು ಒಪ್ಪಿಸಿದ ಲೆಕ್ಕ ೫,೨೬೦ ಟನ್ ಮಾತ್ರವೆಂದೂ ಅವರು ತೋರಿಸಿದರು. ಚಿತ್ರದಲ್ಲಿ ಕಾಣದೆ ಹೋದವುಗಳಿಗೂ ಲೆಕ್ಕದಲ್ಲಿ ಅವಕಾಶ ಮಾಡಿ, ತಪ್ಪಿನ ಮಿತಿಯನ್ನು ೭೯ ಎಂದು ಬಾಯಿಬಿಟ್ಟು ಹೇಳಿದುದು ಅವರ ವಿಧಾನದ ಹಿರಿಮೆ. ಅಲ್ಲಿ ಬಳಕೆ ಜೀವಂತವಾಗಿರುವುದರಿಂದ ‘ಇದು ಏನು’ ಎಂಬ ಪ್ರಶ್ನೆ ಮೊದಲೇ ಬಗೆಹರಿದಿತ್ತೆಂಬುದನ್ನು ಮಾತ್ರ ಮರೆಯಲಾಗದು.

೬

ಈ ವಿಚಾರಗಳು ನಮ್ಮ ಕರಾವಳಿಗೆ ಹೇಗೆ ಸಲ್ಲುತ್ತವೆ? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳ ಉಪಗ್ರಹಚಿತ್ರಗಳು ಈಗ ಎಲ್ಲರಿಗೂ ದೊರೆಯುತ್ತಿರುವುದರಿಂದ ಇಲ್ಲಿಯೂ ಪ್ರಾಚೀನ ತಡೆಗಳನ್ನು ಹುಡುಕುವ ಉತ್ಸಾಹ ತರುಣರಲ್ಲಿ ಹುಟ್ಟುವುದು ಸಹಜ, ಸ್ವಾಗತಾರ್ಹ. ಆದರೆ ಸೆವರ್ನ್ ಅಳಿವೆಯಲ್ಲಿ ದೊಡ್ಡ ಉಬ್ಬರದ ದಿನ ನೀರು ಸುಮಾರು ೧೪ ಮೀಟರು ಏರಿ ಇಳಿಯುತ್ತದೆ. ಕಾರವಾರದ ತೀರದಲ್ಲಿ ಸುಮಾರು ಎರಡು ಮೀಟರಿನಷ್ಟು ಮಾತ್ರ. ಅಲ್ಲಿ ಮೈಲಿಗಟ್ಟಲೆ ಕೆಸರು ಬಯಲಾಗುವಲ್ಲಿ ಇಲ್ಲಿ ಅಂಚು ಮಾತ್ರ ಬಯಲಾಗುತ್ತದೆ. ಮಳೆಗಾಲದಲ್ಲಿ ಮೋಡವೂ ಕೆನ್ನೀರೂ ನೋಟವನ್ನು ಮುಚ್ಚುತ್ತವೆ. ಬಿಸಿ ಕಡಲಿನಲ್ಲಿ ಹೂಳಿನ ಮೇಲೆ ನಿಂತ ಮರವನ್ನು ಕೊರೆಹುಳು ಬೇಗ ತಿಂದುಹಾಕುತ್ತದೆ. ಆದ್ದರಿಂದ ಅಲ್ಲಿನ ಹೇರಳವನ್ನು ಇಲ್ಲಿ ನಿರೀಕ್ಷಿಸಬಾರದು. ಇಲ್ಲಿ ಕಾಣದಿರುವುದನ್ನು ಇಲ್ಲದಿರುವುದಕ್ಕೆ ಪ್ರಮಾಣವಾಗಿಯೂ ಹಿಡಿಯಬಾರದು.

ಅದಕ್ಕಿಂತ ಮುಖ್ಯವಾದುದು ಗಜನಿಭೂಮಿಯ ವಿಚಾರ. ಅಘನಾಶಿನಿಯ ಅಳಿವೆಯಲ್ಲಿ ಮಣ್ಣುಕಲ್ಲಿನ ಒಡ್ಡುಗಳಿಂದ ಸುತ್ತುವರಿದ ಗದ್ದೆಗಳಿವೆ. ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಅಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುವುದು ಪರಂಪರೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಬಿಟ್ಟು, ಇಳಿತದಲ್ಲಿ ಅದೇ ಬಾಗಿಲಿಗೆ ಬಲೆ ಕಟ್ಟಿ ಮೀನು, ಸಿಗಡಿಗಳನ್ನು ಹಿಡಿಯುತ್ತಾರೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಈ ಒಡ್ಡು ಒಂದು ಗೆರೆ. ಅದನ್ನು ಮೀನುತಡೆಯೆನ್ನಬೇಕೆ, ಗದ್ದೆಯ ಬದುವೆನ್ನಬೇಕೆ? ಪ್ರಶ್ನೆಯೇ ತಪ್ಪು. ವರ್ಷದ ಅರ್ಧ ಅದು ಬದು, ಇನ್ನರ್ಧ ತಡೆ. ಎರಡು ಕಸುಬುಗಳನ್ನು ಬೇರ್ಪಡಿಸಿ ನೋಡುವುದು ನಮ್ಮ ಪಟ್ಟಿಗಳ ಅಭ್ಯಾಸವೇ ಹೊರತು ಅಲ್ಲಿ ದುಡಿಯುವವರ ಅಭ್ಯಾಸವಲ್ಲ. ಇದನ್ನು ಯಾವ ಚಿತ್ರವೂ ಹೇಳದು. ಒಡ್ಡಿನ ಮೇಲೆ ನಿಂತ ರೈತನನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾನೆ. ಆ ಮಾತನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಬರೆದಿಟ್ಟುಕೊಳ್ಳುವುದು ಚಿತ್ರಗಳನ್ನು ಕೂಡಿಹಾಕುವುದಕ್ಕಿಂತ ಜರೂರಾದ ಕೆಲಸ. ಚಿತ್ರ ನಾಳೆಯೂ ದೊರೆತೀತು.

೭

ಮೇಲ್ಕಂಡ ಚರ್ಚೆಯಿಂದ ಹೊರಪಡುವ ಮುಖ್ಯಾಂಶಗಳು ಇವು:

(೧) ವೈಮಾನಿಕ ಚಿತ್ರವು ಮೀನುತಡೆಗಳ ನೆಲೆಯನ್ನೂ ಆಕೃತಿಯನ್ನೂ ತೋರಿಸುವುದರಲ್ಲಿ ಅದ್ವಿತೀಯ. ಆದರೆ ಉಬ್ಬರವಿಳಿತದ ಗಳಿಗೆಯನ್ನು ತಾಳೆನೋಡದ ಚಿತ್ರಕ್ಕೆ ನಿಷೇಧಾರ್ಥದಲ್ಲಿ ಪ್ರಾಮಾಣ್ಯವಿಲ್ಲ.

(೨) ಆಕೃತಿ, ದಿಕ್ಕು, ಮೂಲೆಯ ಗುಂಡಿ ಇವು ಕೂಡಿದಲ್ಲಿ ಉದ್ದೇಶವನ್ನು ಊಹಿಸಬಹುದು. ಇಲ್ಲದಲ್ಲಿ ‘ಗೂಟಸಾಲು’, ‘ಕಲ್ಲುಸಾಲು’ ಎಂದಷ್ಟೇ ದಾಖಲಿಸುವುದು ಲೇಸು.

(೩) ಕಾಲವನ್ನು ಹೇಳುವುದು ಮರ, ಆಕೃತಿಯಲ್ಲ. ತೇದಿಯುಳ್ಳ ಸರಣಿ ಅದೇ ಅಳಿವೆಯಲ್ಲಿ ಏರ್ಪಟ್ಟಿದ್ದರೆ ಮಾತ್ರ ಆಕೃತಿಗೆ ಆ ಅಧಿಕಾರ.

(೪) ಒಂದೇ ಚಿತ್ರದಲ್ಲಿ ಕಂಡುದರಿಂದ ಏಕಕಾಲಿಕತೆ ಸಿದ್ಧವಾಗದು; ಅದರ ಮೇಲೆ ಕಟ್ಟಿದ ಸಮಾಜಚಿತ್ರವೂ ಸಿದ್ಧವಾಗದು.

ಇದನ್ನು ಹೇಳಿದುದು ವಿಮಾನದ ಕಣ್ಣನ್ನು ಹಳಿಯುವುದಕ್ಕಲ್ಲ. ಬೆಕ್ಕಿಗೆ ಜಮಖಾನೆಯ ಚಿತ್ತಾರ ಕಾಣದೆಂಬ ಮಾತು ದಿಟ. ಆದರೆ ಅದರ ನೂಲು ಉಣ್ಣೆಯೋ ಹತ್ತಿಯೋ ಎಂಬುದು ನಿಂತು ನೋಡುವವನಿಗಿಂತ ಅದರ ಮೇಲೆ ನಡೆಯುವ ಬೆಕ್ಕಿಗೇ ಹೆಚ್ಚು ತಿಳಿದಿರುತ್ತದೆ. ಅಳಿವೆಯ ಸಂಶೋಧಕನಿಗೆ ಎರಡು ನೋಟಗಳೂ ಬೇಕು. ಕೊನೆಗೆ ಅವನು ಕೆಸರಿಗೆ ಇಳಿಯಲೇಬೇಕು. ಈ ವಿಷಯದಲ್ಲಿ ಹೆಚ್ಚಿನ ಪರಿಚಯವುಳ್ಳ ವಿದ್ವಾಂಸರು, ವಿಶೇಷವಾಗಿ ಕರಾವಳಿಯವರು, ಇಲ್ಲಿನ ಲೋಪದೋಷಗಳನ್ನು ತಿದ್ದಿ ಚರ್ಚೆಯನ್ನು ಮುಂದುವರಿಸಬೇಕೆಂದು ಕೋರಿಕೆ.